ಗುರುವಾರ ಸಿಕ್ಕ ಒಂದು ಗಂಟೆ

ನಗ್ಲಾಳನ್ನು ದಿನಾ ಬೆಳಿಗ್ಗೆ ಎಬ್ಬಿಸುವವನು ಅವಳ ಗಂಡ ಶೌಕಿ. ಅವನಿರುವುದು ಕೆಂಪು ಸಮುದ್ರದಾಚೆ ಜಿದ್ದಾದಲ್ಲಿ, ಕಟ್ಟಡದ ಕೆಲಸದಲ್ಲಿ. ಇವಳಿರುವುದು ನೈಲ್ ಬಯಲಿನ ಕಫ್ರ್ ನಬಾವಿ ಎಂಬ ಊರಲ್ಲಿ, ಎಂಟು ವರ್ಷದ ಮಗಳು ಮಲಕ್ ಜೊತೆ. ದೂರ ಇದ್ದರೇನಂತೆ? ಮಸೀದಿಯಲ್ಲಿ ಬಾಂಗ್ ಕೂಗುವವನು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ದಿಂಬಿನ ಪಕ್ಕದ ಫೋನು ಗುರ್ರೆನ್ನುತ್ತದೆ.

“ಎದ್ಯಾ ಉಮ್ ಮಲಕ್?” ಮಲಕ್‌ಳ ಅಮ್ಮಾ ಎಂದೇ ಅವನು ಕರೆಯುವುದು.

“ಎದ್ದೆ.”

“ದೀಪ ಹಾಕು, ಮುಖ ಕಾಣ್ತಿಲ್ಲ.”

ದೀಪ ಹಾಕಿ ಮುಖ ತೋರಿಸಿದ ಮೇಲೆಯೇ ಅವನಿಗೆ ಸಮಾಧಾನ. ಆಮೇಲೆ ಒಂಬತ್ತಕ್ಕೊಮ್ಮೆ, ಹನ್ನೊಂದಕ್ಕೊಮ್ಮೆ, ಒಂದಕ್ಕೊಮ್ಮೆ. ಅವರ ಮೇಸ್ತ್ರಿ ಕೆಲಸಗಾರರ ಫೋನುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಬಿಡುವಿಗೆ ಮಾತ್ರ ಕೈಗೆ ಕೊಡುತ್ತಾನಂತೆ. ಆ ಮೇಸ್ತ್ರಿಯ ಮಕ್ಕಳು ಚೆನ್ನಾಗಿರಲಿ ಎಂದು ನಗ್ಲಾ ಎಷ್ಟೋ ಸಲ ಮನಸ್ಸಿನಲ್ಲೇ ಹರಸಿದ್ದಾಳೆ.

ಅತ್ತೆ ಬದುಕಿದ್ದಾಗ ಇಷ್ಟಿರಲಿಲ್ಲ. ಸೊಸೆಯನ್ನು ಕಾಯುವ ಕೆಲಸವನ್ನು ಆಯಮ್ಮನೇ ಜಗಲಿಯ ಮೇಲೆ ಕೂತು, ಸೂರ್ಯಕಾಂತಿ ಬೀಜ ಸಿಪ್ಪೆ ಬಿಡಿಸುತ್ತಾ ಮಾಡುತ್ತಿದ್ದಳು. ಆದರೆ ಮುದುಕಿಗೆ ಮಧ್ಯಾಹ್ನ ನಿದ್ದೆಯಾದರೂ ಬರುತ್ತಿತ್ತು! ಅವಳು ತೀರಿಕೊಂಡ ನಲವತ್ತನೆಯ ದಿನಕ್ಕೆ ಶೌಕಿ ರಜೆ ಹಾಕಿ ಬಂದ. ಬರುವಾಗ ಹೆಂಡತಿಗೆ ಅಂಗೈಯಗಲದ ಹೊಸ ಫೋನು ತಂದ. ನಗ್ಲಾ ಖುಷಿಪಟ್ಟಳು. ಯಾಕೆ ಸುಳ್ಳು ಹೇಳಬೇಕು, ಬೀದಿಗೆಲ್ಲ ತೋರಿಸಿಕೊಂಡು ಬಂದಳು.

ಮರುದಿನ ಹಳೇ ಸಾಮಾನು ಕೊಳ್ಳುವ ಗಾಡಿಯವನು “ರೋಬಾಬೇಕ್ಯಾ!” ಎಂದು ಕೂಗುತ್ತಾ ಬಂದ. ಶೌಕಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಮನೆಯನ್ನು ಗುಡಿಸಲು ಕೂತ.

“ಈ ಅಲಾರಂ ಗಡಿಯಾರ ಯಾಕೆ? ಫೋನಲ್ಲಿ ಇದೆ. ರೇಡಿಯೋ ಯಾಕೆ? ಅದೂ ಇದೆ. ಬ್ಯಾಟರಿ, ಕ್ಯಾಲೆಂಡರ್, ಈ ನಂಬರ್ ಬರ್ದಿಟ್ಟ ಹರಕಲು ಪುಸ್ತಕ... ಎಲ್ಲಾ ಇದ್ರೊಳಗೇ ಇದೆ ಕಣೇ. ಮನೆ ಹಗುರ ಆಗ್ಲಿ.”

ಕ್ಯಾಮೆರಾ ಹೋಯಿತು, ಹಾಡಿನ ಕ್ಯಾಸೆಟ್ಟುಗಳು ಹೋದವು, ಗೋಡೆ ಗಡಿಯಾರ ಮೊಳೆ ಸಮೇತ ಹೋಯಿತು. ಕೊನೆಗೆ ಅವನ ಕೈ ಮೂಲೆಯಲ್ಲಿದ್ದ ಹೊಲಿಗೆ ಮಷೀನಿನ ಮೇಲೆ ಬಿತ್ತು.

“ಅದನ್ನ ಮುಟ್ಬೇಡಿ,” ಎಂದಳು ನಗ್ಲಾ.

“ಯಾಕೆ? ಬಟ್ಟೆ ಬೇಕಾದ್ರೆ ಫೋನಲ್ಲಿ ಹೇಳಿದ್ರೆ ಮನೆ ಬಾಗಿಲಿಗೆ ಬರುತ್ತೆ. ಶೌಕಿ ಹೆಂಡ್ತಿ ಊರವ್ರ ಹರಕು ಹೊಲಿದು ಬದುಕ್ಬೇಕಾ?”

ಗಾಡಿಯವನು ಎಲ್ಲಕ್ಕೂ ಸೇರಿಸಿ ಎರಡು ಪ್ಲಾಸ್ಟಿಕ್ ಬುಟ್ಟಿ, ಒಂದು ಡಜನ್ ಬಟ್ಟೆ ಕ್ಲಿಪ್ಪು ಕೊಟ್ಟು ಹೋದ. ಮದುವೆಗೆ ಮುಂಚೆ ನಗ್ಲಾ ಮಹಲ್ಲಾ ಪಟ್ಟಣದ ಒಂದು ಹೊಲಿಗೆ ಸಾಲೆಯಲ್ಲಿ ಕಾಲರ್ ಕೂರಿಸುವುದರಲ್ಲಿ ಮೊದಲನೆಯವಳು. ಉಳಿದವರು ಎರಡು ಮುಗಿಸುವಷ್ಟರಲ್ಲಿ ಇವಳು ಮೂರನೆಯದರ ದಾರ ಕತ್ತರಿಸುತ್ತಿದ್ದಳು. ಅಂಥವಳ ಮಷೀನು ಕತ್ತೆಗಾಡಿಯಲ್ಲಿ ಕುಲುಕುತ್ತಾ ತಿರುವಿನಲ್ಲಿ ಮರೆಯಾದಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಇಳಿಯಲೇ ಇಲ್ಲ.

ಫೋನಿನೊಳಗೆ ಏನೇನಿದೆ ಎಂಬುದು ಅವಳಿಗೆ ತಿಳಿದದ್ದು ನಿಧಾನಕ್ಕೆ. ಅದು ಎಲ್ಲೆಲ್ಲಿ ಹೋಯಿತೆಂದು ಶೌಕಿಯ ಫೋನಿನಲ್ಲಿ ಗೆರೆ ಬೀಳುತ್ತಿತ್ತು. ಇವಳಿಗೆ ಬಂದ ಮೆಸೇಜುಗಳೆಲ್ಲ ಅವನಿಗೂ ಕಾಣುತ್ತಿದ್ದವು. ರಜೆಯಲ್ಲಿದ್ದಾಗಲೇ ಎರಡನ್ನೂ ಜೋಡಿಸಿ ಹೋಗಿದ್ದ. ಮುಚ್ಚುಮರೆ ಏನೂ ಇರಲಿಲ್ಲ, ಅವನೇ ಹೇಳಿದ್ದ: “ಗಂಡ ಹೆಂಡ್ತಿ ನಡುವೆ ಗುಟ್ಟು ಏನಿರುತ್ತೆ?” ಅವನದು ಮಾತ್ರ ಇವಳಿಗೆ ಕಾಣುತ್ತಿರಲಿಲ್ಲ. ಅದನ್ನು ಕೇಳಲು ಹೋಗಿ ಒಂದು ವಾರ ಮುಖ ಊದಿಸಿಕೊಂಡವನನ್ನು ಸಮಾಧಾನ ಮಾಡಬೇಕಾಯಿತು.

ಹಾಗಂತ ಫೋನು ಬಿಟ್ಟು ಬದುಕುವುದಾದರೂ ಹೇಗೆ? ಏಳಲು ಅದು ಬೇಕು, ಹಿತ್ತಲಿಗೆ ಹೋಗಲು ಅದರ ಬೆಳಕು ಬೇಕು, ದಿನಸಿಯವನಿಗೆ ದುಡ್ಡು ಅದರಿಂದಲೇ ಹೋಗಬೇಕು, ತಾರೀಕು ಅದನ್ನೇ ಕೇಳಬೇಕು. ಮನೆಯಲ್ಲಿ ಹೊತ್ತು ತಿಳಿಸುವ ಇನ್ನೊಂದು ವಸ್ತು ಇರಲಿಲ್ಲ. ಒಲ್ಲದ ಗಂಡನ ಜೊತೆ ಒಂದೇ ತಟ್ಟೆಯಲ್ಲಿ ಉಂಡ ಹಾಗೆ ಅವಳು ಅದರ ಜೊತೆ ಬಾಳುತ್ತಿದ್ದಳು.

ಬಿಡುವು ಇದ್ದದ್ದು ಗುರುವಾರ ಮಾತ್ರ. ಅವತ್ತು ರೊಟ್ಟಿ ಸುಡುವ ದಿನ. ಓಣಿಯ ನಾಲ್ಕು ಮನೆಯ ಹೆಂಗಸರು ಉಮ್ ಖೈರಿ ಎಂಬ ಮುದುಕಿಯ ಅಂಗಳದಲ್ಲಿ ಸೇರಿ, ಮಣ್ಣಿನ ಒಲೆಗೆ ಹತ್ತಿ ಕಡ್ಡಿ ತುಂಬಿ, ಮೆಕ್ಕೆಜೋಳಕ್ಕೆ ಮೆಂತ್ಯ ಬೆರೆಸಿದ ತೆಳ್ಳನೆಯ ರೊಟ್ಟಿಯನ್ನು ವಾರಕ್ಕಾಗುವಷ್ಟು ಸುಡುತ್ತಾರೆ. ಹೋದ ವರ್ಷ ನಗ್ಲಾ ಫೋನನ್ನು ಒಲೆಯ ಪಕ್ಕ ಇಟ್ಟಾಗ ಅದು ಬಿಸಿಗೆ ಉಬ್ಬಿ ಗಾಜು ಎದ್ದು ಬಂದಿತ್ತು. ರಿಪೇರಿಗೆ ಹಣ ತೆತ್ತ ಶೌಕಿಯೇ ಕಾನೂನು ಮಾಡಿದ: “ಗುರುವಾರ ಫೋನು ಮನೇಲಿ, ಮಲಗೋ ಕೋಣೆ ಕಿಟಕಿ ಮೇಲೆ ಇರ್ಲಿ. ಒಂಬತ್ತಕ್ಕೆ, ಹನ್ನೊಂದಕ್ಕೆ ನಾನು ಮಾಡಲ್ಲ. ಒಂದು ಗಂಟೆಗೆ ಎತ್ಬೇಕು.” ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಗ್ಲಾ ತಲೆ ತಗ್ಗಿಸಿ ಆಗಲಿ ಎಂದಳು.

ಈ ವರ್ಷ ಮೇ ತಿಂಗಳ ಒಂದು ಗುರುವಾರ ಹಿಟ್ಟು ತಟ್ಟುತ್ತಿರುವಾಗ ಉಮ್ ಖೈರಿಯ ಸೊಸೆ ರಾವಿಯಾ ಸುದ್ದಿ ಹೇಳಿದಳು. ಮಹಲ್ಲಾದಲ್ಲಿ ಶಾಲಾ ಅಂಗಿ ಹೊಲಿಯುವ ಕಾರ್ಖಾನೆಯೊಂದು ಹೆಂಗಸರನ್ನು ತೆಗೆದುಕೊಳ್ಳುತ್ತಿದೆ. ಮುಂದಿನ ಗುರುವಾರ ಪರೀಕ್ಷೆ. ಹೆಂಗಸರದೇ ಹಾಲ್, ಊರಿಗೆ ಬಸ್ಸು ಬರುತ್ತದೆ, ಕೆಲಸ ಬಕ್ರೀದ್ ಕಳೆದ ಮೇಲೆ ಶುರು.

“ನೀನು ಹೋದ್ರೆ ಮಿಕ್ಕವ್ರು ಸೂಜಿ ಕೆಳಗಿಟ್ಟು ಮನೆಗೆ ಹೋಗ್ಬೇಕು,” ಎಂದಳು ರಾವಿಯಾ.

“ಶೌಕಿ ಕೊಂದು ಹಾಕ್ತಾನೆ.”

“ಯಾಕೆ ಹೇಳ್ತೀಯ? ಮೊದ್ಲು ಕೆಲಸ ಕೈಗೆ ಬರ್ಲಿ. ಹಬ್ಬಕ್ಕೆ ಬರ್ತಾನಲ್ಲ, ಹೊಟ್ಟೆ ತುಂಬಾ ಮಾಂಸ ಹಾಕಿ ಆಮೇಲೆ ಹೇಳು.”

ಹೆಂಗಸರೆಲ್ಲ ನಕ್ಕರು. ನಗ್ಲಾ ನಗಲಿಲ್ಲ. ಕೆಲಸ ಕೈಯಲ್ಲಿಟ್ಟುಕೊಂಡು ಎದುರು ಕೂತು ಜಗಳವಾಡಿದರೆ ಗೆದ್ದರೂ ಗೆಲ್ಲಬಹುದು. ಬರಿಗೈಯಲ್ಲಿ ಫೋನಿನ ಮುಂದೆ ಆಡಿದರೆ ಬೈಗುಳ ಮಾತ್ರ ಗಿಟ್ಟುತ್ತದೆ. ಅವಳು ವಾರವಿಡೀ ಲೆಕ್ಕ ಹಾಕಿದಳು. ಮಹಲ್ಲಾಕ್ಕೆ ಮುಕ್ಕಾಲು ಗಂಟೆ ದಾರಿ. ಏಳೂವರೆಗೆ ಹೊರಟರೆ ಒಂದು ಗಂಟೆಯೊಳಗೆ ಬಂದು ಕಿಟಕಿಯ ಮುಂದೆ ನಿಲ್ಲಬಹುದು. ಫೋನು ಮನೆಯಲ್ಲೇ ಇರುತ್ತದೆ, ಗೆರೆ ಅಲ್ಲಾಡುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಒಂದೇ ತೊಡಕು. ಫೋನು ಬಿಟ್ಟು ಹೋದರೆ ಹೊತ್ತು ಗೊತ್ತಾಗುವುದು ಹೇಗೆ?

“ಅಷ್ಟಕ್ಕೆ ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ?” ಎಂದಳು ಉಮ್ ಖೈರಿ. ಪೆಟ್ಟಿಗೆಯಿಂದ ತಲೆಯ ಮೇಲೆ ಎರಡು ಗಂಟೆಗಳಿದ್ದ, ಅರ್ಧ ಬಣ್ಣ ಹೋದ ಅಲಾರಂ ಗಡಿಯಾರ ತೆಗೆದಳು. “ನನ್ನ ಯಜಮಾನ್ರದ್ದು. ಕೀಲಿ ಕೊಡದೆ ನಿಂತಿತ್ತು. ನಿನ್ನೆ ನಡುಹಗಲ ಬಾಂಗ್ ಆಗ್ತಿದ್ದ ಹಾಗೆ ಸರಿಯಾಗಿ ಹನ್ನೆರಡಕ್ಕೆ ಮುಳ್ಳು ಕೂರಿಸಿದೀನಿ. ಒಂದು ನಿಮಿಷ ಆಚೀಚೆ ಆದ್ರೆ ನನ್ನ ಹೆಸ್ರು ಬದಲಾಯಿಸು.”

“ದೇವರು ನಿಮಗೆ ನೂರು ವರ್ಷ ಕೊಡ್ಲಿ ಖಾಲಾ.”

“ಬೇಡಮ್ಮ, ಇರೋದೇ ಸಾಕಾಗಿದೆ. ಅದನ್ನ ಬೀಳಿಸ್ಬೇಡ, ಅಷ್ಟೆ.” ತಲೆವಸ್ತ್ರದ ತುದಿಯ ಗಂಟು ಬಿಚ್ಚಿ ದಾರಿ ಖರ್ಚಿಗೂ ಕೊಟ್ಟಳು.

ಗುರುವಾರ ಬೆಳಿಗ್ಗೆ ಶೌಕಿಗೆ ಮುಖ ತೋರಿಸಿ, ಮಲಕ್‌ಳನ್ನು ಶಾಲೆಗೆ ಕಳಿಸಿ, ಫೋನನ್ನು ಕಿಟಕಿಯ ಮೇಲಿಟ್ಟು ನಗ್ಲಾ ಹೊರಟಳು. ಗಡಿಯಾರವನ್ನು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟಿದ್ದಳು. ಮೈಕ್ರೋಬಸ್ ತುಂಬುವ ತನಕ ಡ್ರೈವರ್ ಹೊರಡಲಿಲ್ಲ. ಹದಿನಾಲ್ಕನೆಯ ಮನುಷ್ಯ ಸಿಗುವವರೆಗೂ ಅವನು ಚಹಾ ಕುಡಿದ, ಸಿಗರೇಟು ಸೇದಿದ, ಯಾರದೋ ಮದುವೆಯ ಬಗ್ಗೆ ಮಾತಾಡಿದ. ಚೀಲದೊಳಗಿಂದ ಟಿಕ್ ಟಿಕ್ ಕೇಳುತ್ತಿತ್ತು. ಪಕ್ಕದ ಮುದುಕ ಒಮ್ಮೆ ಚೀಲ ನೋಡಿದ, ಒಮ್ಮೆ ಇವಳ ಮುಖ ನೋಡಿದ.

“ತಾಯಿ, ಅದು ಸಿಡಿಯೋದಾದ್ರೆ ಮೊದ್ಲೇ ಹೇಳು, ನಾನು ಇಳಿದು ಹೋಗ್ತೀನಿ.”

“ಗಡಿಯಾರ ಅಜ್ಜಾ.”

“ಗಡಿಯಾರಾನಾ? ಇನ್ನೂ ಇವೆಯಾ ಅವು?”

ಬಸ್ಸೆಲ್ಲ ನಕ್ಕಿತು. ನಾಚಿಕೆಯಿಂದ ನಗ್ಲಾ ದಾರಿಯುದ್ದಕ್ಕೂ ಟವೆಲು ಬಿಚ್ಚಲಿಲ್ಲ.

ಕಾರ್ಖಾನೆಯ ಗೇಟಿನ ಹತ್ತಿರ ಗೋಡೆಗೆ ಮುಖ ಮಾಡಿ ನಿಂತು ಬಿಚ್ಚಿದಳು. ಎಂಟೂ ಮುಕ್ಕಾಲು. ಅಬ್ಬಾ! ಅಷ್ಟು ಹೊತ್ತು ಕಾದರೂ ಇಷ್ಟೇ ಆಗಿರುವುದೇ? ಹೆದರಿದವರಿಗೆ ಹೊತ್ತು ಉದ್ದವಾಗಿ ಕಾಣುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಒಳಗೆ ಬಂದವರ ಫೋನುಗಳನ್ನು ಕಾವಲುಗಾರ ಒಂದು ಡಬ್ಬಿಗೆ ಹಾಕಿಸಿಕೊಳ್ಳುತ್ತಿದ್ದ. ಇವಳ ಸರದಿ ಬಂದಾಗ ಕೈ ಚಾಚಿದ.

“ನನ್ನ ಹತ್ರ ಇಲ್ಲ.”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ ಕಣಪ್ಪಾ. ಗಡಿಯಾರ ಬೇಕಾದ್ರೆ ತಗೋ.”

ಅವನು ಗಡಿಯಾರ ನೋಡಿ, ದೇವರ ಹೆಸರು ಹೇಳಿ, ಚೀಲಕ್ಕೇ ವಾಪಸು ಹಾಕಿದ.

ಹಾಲಿನಲ್ಲಿ ನಲವತ್ತು ಮಷೀನು. ಮೇಲ್ವಿಚಾರಕಿ ಮೇಡಂ ಸುಹೇರ್ ಎಂಬ ದಪ್ಪ ಹೆಂಗಸು. ಕನ್ನಡಕ ಮೂಗಿನ ತುದಿಯಲ್ಲಿ, ಮಾತು ನಾಲಿಗೆಯ ತುದಿಯಲ್ಲಿ. ನಗ್ಲಾಳ ಸರದಿ ಬರುವ ಹೊತ್ತಿಗೆ ಅರ್ಧ ಜನ ಮನೆಗೆ ಹೋಗಿದ್ದರು. ಒಂಬತ್ತು ವರ್ಷವಾಗಿತ್ತು ಇಂಥ ಮಷೀನಿನ ಮುಂದೆ ಕೂತು. ಮೊದಲನೆಯ ಕಾಲರಿನ ತುದಿ ಸೊಟ್ಟಗಾಯಿತು. ಎರಡನೆಯದಕ್ಕೆ ಕಾಲು ಪೆಡಲನ್ನು ಗುರುತು ಹಿಡಿಯಿತು. ಮೂರನೆಯದಕ್ಕೆ ಅವಳು ಸುತ್ತಲಿನ ಗದ್ದಲವನ್ನೇ ಮರೆತಳು. ಬಟ್ಟೆ ತಾನಾಗಿ ತಿರುಗುತ್ತಿತ್ತು, ಹೊಲಿಗೆ ಗೆರೆ ಎಳೆದಂತೆ ಬೀಳುತ್ತಿತ್ತು. ಎಷ್ಟು ಸಂತೋಷವಾಯಿತೆಂದರೆ ಅವಳಿಗೆ ತನ್ನ ಮೇಲೆಯೇ ಕನಿಕರ ಬಂತು. ಇಷ್ಟು ವರ್ಷ ಈ ಕೈಗಳನ್ನು ಎಲ್ಲಿ ಬಚ್ಚಿಟ್ಟಿದ್ದೆ ನಾನು ಎಂದುಕೊಂಡಳು.

ಮೇಡಂ ಸುಹೇರ್ ಕಾಲರನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಎಳೆದು ನೋಡಿದಳು.

“ಎಲ್ಲಿದ್ದೆ ನೀನು ಇಷ್ಟು ದಿನ?”

“ಮನೇಲಿ.”

“ಮನೇಲಿ ಕೊಳೀತಾ ಇದ್ದೆ ಅನ್ನು. ಮೊದಲ್ನೇದು ಸೊಟ್ಟ, ಆದ್ರೆ ಪರ್ವಾಗಿಲ್ಲ. ಇದರಲ್ಲಿ ನಂಬರ್ ಬರಿ.”

“ಯಾವ ನಂಬರ್?”

“ಫೋನ್ ನಂಬರಮ್ಮ! ಪಟ್ಟಿ ಸಾಹೇಬ್ರು ನೋಡಿ ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಎಲ್ರಿಗೂ ಮೆಸೇಜ್ ಕಳಿಸ್ತಾರೆ. ಆಯ್ಕೆ ಆದವ್ರು ಅದಕ್ಕೆ ‘ಬರ್ತೀನಿ’ ಅಂತ ಉತ್ತರ ಹಾಕ್ಬೇಕು. ಹಾಕ್ದಿದ್ರೆ ಮುಂದಿನವ್ರಿಗೆ.”

“ಮೇಡಂ, ನೀವೇ ಬಾಯಲ್ಲಿ ಹೇಳ್ಬಿಡಿ. ಶನಿವಾರ... ಇಲ್ಲ, ಮುಂದಿನ ಗುರುವಾರ ನಾನೇ ಬಂದು ಕೇಳ್ತೀನಿ.”

“ಬಂದು ಕೇಳೋಕೆ ಇದೇನು ಹೆಣ್ಣು ನೋಡೋ ಶಾಸ್ತ್ರಾನಾ? ಹಾಜರಿ ಫೋನಲ್ಲಿ, ಸಂಬಳ ಫೋನಲ್ಲಿ, ಬಸ್ಸು ಬಂತಾ ಅಂತ ನೋಡೋದೂ ಫೋನಲ್ಲಿ. ನಂಬರ್ ಇಲ್ದೆ ಇದ್ರೆ ನೀನು ಇಲ್ಲಿಗೆ ಬಂದೇ ಇಲ್ಲ ಅಂತ ಲೆಕ್ಕ.”

ರಾವಿಯಾಳ ನಂಬರು ಬರೆಯಬಹುದಲ್ಲ! ಪೆನ್ನು ಹಿಡಿದಳು. ಸೊನ್ನೆ, ಒಂದು, ಸೊನ್ನೆ... ಆಮೇಲೆ? ರಾವಿಯಾ ಎಂದರೆ ಫೋನಿನಲ್ಲಿ ಒಂದು ಹೂವಿನ ಚಿತ್ರ. ಅದನ್ನು ಒತ್ತಿದರೆ ರಾವಿಯಾ ಮಾತಾಡುತ್ತಾಳೆ. ಅಂಕಿ ಎಂದೂ ನೋಡಿದ್ದೇ ಇಲ್ಲ. ಅಣ್ಣನದು? ಇಲ್ಲ. ಗೆಳತಿಯರದು? ಇಲ್ಲ. ಹರಕಲು ಪುಸ್ತಕದಲ್ಲಿದ್ದ ನೂರು ನಂಬರುಗಳು ಕತ್ತೆಗಾಡಿಯಲ್ಲಿ ಹೋಗಿದ್ದವು. ತಲೆಯಲ್ಲಿ ಉಳಿದದ್ದು ಎರಡೇ. ಒಂದು ಶೌಕಿಯದು. ಇನ್ನೊಂದು ತನ್ನದು.

“ಬೇಗ ಬರಿಯಮ್ಮ, ಹಿಂದೆ ಜನ ನಿಂತಿದಾರೆ.”

ನಗ್ಲಾ ಮನಸ್ಸಿನಲ್ಲೇ ಮತ್ತೆ ಲೆಕ್ಕ ಹಾಕಿದಳು. ಮೆಸೇಜು ಬರುವುದು ಹನ್ನೆರಡೂ ಮುಕ್ಕಾಲಿಗೆ. ಶೌಕಿಯ ಕೈಗೆ ಫೋನು ಸಿಗುವುದು ಒಂದಕ್ಕೆ. ನಡುವೆ ಕಾಲು ಗಂಟೆ. ಆ ಹೊತ್ತಿಗೆ ತಾನು ಕಿಟಕಿಯ ಮುಂದೆ ನಿಂತಿದ್ದರೆ ಸಾಕು. ‘ಬರ್ತೀನಿ’ ಎಂದು ಒತ್ತಿ, ಎಲ್ಲವನ್ನೂ ಅಳಿಸಿಬಿಟ್ಟರೆ ಅಲ್ಲೂ ಅಳಿಸಿಹೋಗುತ್ತದೆ. ತನ್ನ ನಂಬರು ಬರೆದಳು.

ಹೊರಗೆ ಬಂದು ಟವೆಲು ಬಿಚ್ಚಿದಾಗ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಹತ್ತೂವರೆ! ಹನ್ನೆರಡೂವರೆಯೊಳಗೆ ಮನೆ ಸೇರಿದರೆ ಬೇಕಾದಷ್ಟಾಯಿತು. ಅಂದರೆ ಒಂದು ಗಂಟೆ, ಚಿಲ್ಲರೆಯಲ್ಲ, ಪೂರ್ತಿ ಒಂದು ಗಂಟೆ ಅವಳಿಗೆ ಮಿಕ್ಕಿತ್ತು.

ಮಿಕ್ಕ ಹೊತ್ತನ್ನು ಏನು ಮಾಡಬೇಕೆಂದು ಒಂದು ಕ್ಷಣ ಅವಳಿಗೇ ತೋಚಲಿಲ್ಲ. ಆಮೇಲೆ ಕಾಲುಗಳೇ ಬಟ್ಟೆ ಪೇಟೆಯ ಕಡೆ ನಡೆದವು. ಯಾರೂ ಎಲ್ಲಿದ್ದೀ ಎಂದು ಕೇಳಲಿಲ್ಲ. ಯಾರೂ ಮುಖ ತೋರಿಸು ಎನ್ನಲಿಲ್ಲ. ಥಾನುಗಳನ್ನು ಮುಟ್ಟಿ ನೋಡಿದಳು, ಬೆಲೆ ಕೇಳಿದಳು, ಕೊಳ್ಳುವವಳಂತೆ ಚೌಕಾಸಿ ಮಾಡಿ ಬೇಡವೆಂದು ಬಂದಳು. ಅಂಗಡಿಯವನು “ಅಕ್ಕಾ, ಇವತ್ತು ನಾನೇ ಸಿಕ್ಕಿದ್ನಾ?” ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ. ಮೂಲೆಯ ಗಾಡಿಯಲ್ಲಿ ಒಂದು ತಟ್ಟೆ ಕೊಶರಿ ತೆಗೆದುಕೊಂಡು, ಅನ್ನ ಬೇಳೆಯ ಮೇಲೆ ಹುರಿದ ಈರುಳ್ಳಿ ಜಾಸ್ತಿ ಹಾಕಿಸಿ, ಖಾರದ ನೀರು ಸುರಿದುಕೊಂಡು ನಿಂತೇ ತಿಂದಳು. ಗಂಡಸರ ಹಾಗೆ, ರಸ್ತೆಯಲ್ಲಿ ನಿಂತು! ಮೂಗು ಸೋರಿತು. ಬಾಯಿ ಉರಿಯಿತು. ಇಷ್ಟು ರುಚಿಯಾದದ್ದನ್ನು ತಿಂದು ಎಷ್ಟು ಕಾಲವಾಯಿತೋ ಎನಿಸಿತು.

ಹನ್ನೊಂದೂವರೆಗೆ ಮೈಕ್ರೋಬಸ್ ಹತ್ತಿದಳು. ಈ ಸಲ ಗಡಿಯಾರ ತೊಡೆಯ ಮೇಲೆಯೇ ಇತ್ತು. ನಾಚಿಕೆ ಹೋಗಿತ್ತು. ಹಬ್ಬಕ್ಕೆ ಶೌಕಿ ಬಂದಾಗ ಮಾತು ಹೇಗೆ ಶುರು ಮಾಡಬೇಕೆಂದು ಯೋಚಿಸುತ್ತಾ, ಅವನ ಉತ್ತರವನ್ನೂ ತಾನೇ ಹೇಳಿಕೊಂಡು, ಅದಕ್ಕೆ ಮರುತ್ತರ ಕೊಟ್ಟು ಗೆಲ್ಲುತ್ತಾ ಕೂತಿದ್ದಳು.

ಕಾಲುವೆ ದಾಟಿದ ಮೇಲಿನ ರೈಲು ಗೇಟು ಹಾಕಿತ್ತು. ಡ್ರೈವರ್ ಇಂಜಿನ್ ಆರಿಸಿದ. ಮುಂದೆ ಹುಲ್ಲಿನ ಲಾರಿ, ಹಿಂದೆ ಟ್ರಾಕ್ಟರ್. ಅಷ್ಟರಲ್ಲಿ ಹೊಲಗಳ ಆಚೆಯ ಮಸೀದಿಯಿಂದ ನಡುಹಗಲ ಬಾಂಗ್ ಕೇಳಿಸಿತು. ನಗ್ಲಾ ಗಡಿಯಾರ ನೋಡಿದಳು. ಮುಳ್ಳುಗಳೆರಡೂ ಹನ್ನೆರಡರ ಹತ್ತಿರ ಒಂದರ ಮೇಲೊಂದು ಕೂರುತ್ತಿದ್ದವು. ಉಮ್ ಖೈರಿಯ ಮಾತು ಮಾತೇ, ಒಂದು ನಿಮಿಷ ಆಚೀಚೆ ಇಲ್ಲ ಎಂದುಕೊಂಡಳು.

ಆಮೇಲೆ ಗಡಿಯಾರವನ್ನು ಮತ್ತೆ ಮುಖದ ಹತ್ತಿರ ಹಿಡಿದಳು.

ಗುರುವಾರ ಗುರುವಾರ ಅವಳು ಕೈಯ ಹಿಟ್ಟು ತೊಳೆದು ಮನೆಗೆ ಓಡುವುದು ಈ ಬಾಂಗಿನ ಜೊತೆಗೇ. ಬಾಂಗ್ ಮುಗಿದು ಚಪ್ಪಲಿ ಬಿಡುವಷ್ಟರಲ್ಲಿ ಫೋನು ಗುರ್ರೆನ್ನುತ್ತದೆ. ಮೂರು ವಾರದಿಂದ ಹಾಗೇ ಆಗುತ್ತಿದೆ. ಬಾಂಗ್ ಹನ್ನೆರಡಕ್ಕೆ, ಶೌಕಿಯ ಕರೆ ಒಂದಕ್ಕೆ. ನಡುವಿನ ಒಂದು ಗಂಟೆ ಎಲ್ಲಿ ಹೋಯಿತು?

“ಅಣ್ಣಾ,” ಪಕ್ಕದವನನ್ನು ಕೇಳಿದಳು, “ಟೈಮ್ ಎಷ್ಟು?”

ಅವನು ಫೋನು ತೆಗೆದು ತೋರಿಸಿದ. ಹನ್ನೆರಡು ಐವತ್ತೈದು.

“ನಿಮ್ಮದು ತಪ್ಪಿದೆಯಲ್ಲ. ಬೇಸಿಗೆ ಟೈಮ್ ಬಂದು ಮೂರು ವಾರ ಆಯ್ತು, ಸರ್ಕಾರ ಒಂದು ಗಂಟೆ ಮುಂದೆ ಹಾಕಿದೆ. ಮುಳ್ಳು ತಿರುಗಿಸ್ಲಿಲ್ವಾ?”

“ಫೋನು ತಾನೇ ತಿರುಗಿಸ್ಕೊಳ್ಳುತ್ತೆ,” ಎಂದಳು ನಗ್ಲಾ ಮಂಕಾಗಿ.

“ಫೋನು ತಿರುಗಿಸ್ಕೊಳ್ಳುತ್ತೆ. ಈ ಅಜ್ಜನಿಗೆ ಯಾರು ಹೇಳ್ಬೇಕು?” ಎಂದು ಅವನು ಗಡಿಯಾರದ ತಲೆ ತಟ್ಟಿದ. ಹಿಂದಿನ ಸೀಟಿನವರು ನಕ್ಕರು.

ಉಮ್ ಖೈರಿಗೆ ಹುಟ್ಟಿದಾಗಿನಿಂದ ನಡುಹಗಲ ಬಾಂಗ್ ಎಂದರೆ ಹನ್ನೆರಡು. ಸರ್ಕಾರ ಮುಂದೆ ತಳ್ಳಲಿ, ಹಿಂದೆ ಎಳೆಯಲಿ, ಅವಳಿಗೇನು? ಬೈಯಲು ಬಾಯಿ ಬರಲಿಲ್ಲ. ತಾನಾದರೂ ಒಂದು ವರ್ಷದಿಂದ ಹೊತ್ತಿನ ಕಡೆ ತಲೆಯೆತ್ತಿ ನೋಡಿದ್ದಾಳೆಯೇ?

ರೈಲು ಬರಲಿಲ್ಲ. ನಗ್ಲಾ ಕಿಟಕಿಯಿಂದ ಇಣುಕಿದಳು, ಗೇಟಿನವನು ನೆರಳಲ್ಲಿ ಕೂತು ಕಲ್ಲಂಗಡಿ ತಿನ್ನುತ್ತಿದ್ದ. ಇಳಿದು ಓಡಲೇ? ಊರು ಇನ್ನೂ ಆರು ಕಿಲೋಮೀಟರು. ಒಳಗೆ ಬಿಸಿಲಿಗೆ ತಗಡು ಕಾದಿತ್ತು, ಎರಡೂ ಕಡೆ ಮೈಗೆ ಮೈ ಒತ್ತಿ ಜನ.

“ಅಣ್ಣಾ, ಒಂದು ಕಾಲ್ ಮಾಡ್ಲಾ?”

ಅವನು ಕೊಟ್ಟ. ಯಾರಿಗೆ ಮಾಡುವುದು? ಎರಡು ನಂಬರಿನಲ್ಲಿ ಒಂದನ್ನು ಒತ್ತಿದಳು, ತನ್ನದೇ. ಯಾರಾದರೂ ಎತ್ತಲಿ, ಮಲಕ್ ಬೇಗ ಬಂದಿರಲಿ, ರಾವಿಯಾ ಏನಾದರೂ ನೆಪದಲ್ಲಿ ಮನೆಗೆ ಹೋಗಿರಲಿ. ಬೀಗ ಹಾಕಿದ ಮನೆಯ ಕಿಟಕಿಯ ಮೇಲೆ ಅವಳ ಫೋನು ಬಡಿದುಕೊಂಡಿತು, ಬಡಿದುಕೊಂಡಿತು, ಸುಮ್ಮನಾಯಿತು. ಅವಳ ಕರೆಯನ್ನು ಎತ್ತಬೇಕಾದವಳು ಅವಳೇ.

ಒಂದಾಯಿತು. ಒಂದೂ ಹತ್ತಾಯಿತು. ಆಮೇಲೆ ರೈಲು ಬಂದು ನಿಧಾನಕ್ಕೆ, ಎಲ್ಲ ಡಬ್ಬಿಗಳನ್ನೂ ತೋರಿಸುತ್ತಾ ಹೋಯಿತು.

ಮನೆಯ ಬೀಗ ತೆಗೆದಾಗ ಒಂದೂ ಮೂವತ್ತೈದು. ಚಪ್ಪಲಿ ಸಮೇತ ಕೋಣೆಗೆ ಓಡಿದಳು. ಶೌಕಿಯ ನಾಲ್ಕು ಕರೆಗಳು ಬಂದು ಹೋಗಿದ್ದವು. ಅದರ ಕೆಳಗೆ ಮೆಸೇಜು. ಹನ್ನೆರಡೂ ನಲವತ್ತೇಳಕ್ಕೆ ಬಂದಿತ್ತು.

“ಶ್ರೀಮತಿ ನಗ್ಲಾ ಅವರೇ, ಅಭಿನಂದನೆಗಳು. ಕಾಲರ್ ವಿಭಾಗಕ್ಕೆ ನೀವು ಮೊದಲನೆಯವರಾಗಿ ಆಯ್ಕೆಯಾಗಿದ್ದೀರಿ. ಬರುವುದಾದರೆ ತಿಳಿಸಿ.”

ಮೊದಲನೆಯವಳು! ಅರೆಗಳಿಗೆ 'ನಾನೇ' ಎಂದು ಕೂಗಬೇಕೆನಿಸಿತು. ಬೆರಳು ಕೆಳಗೆ ಜಾರಿತು. ಅದರ ಕೆಳಗೆ, ಒಂದೂ ಮೂರಕ್ಕೆ, ಅವಳ ಕಡೆಯಿಂದ ಉತ್ತರ ಹೋಗಿತ್ತು.

“ತಮ್ಮ ವಿಶ್ವಾಸಕ್ಕೆ ಕೃತಜ್ಞತೆಗಳು. ಮನೆಯ ಜವಾಬ್ದಾರಿಯಿಂದಾಗಿ ನನಗೆ ಬರಲು ಆಗುವುದಿಲ್ಲ. ಬೇರೆಯವರಿಗೆ ಕೊಡಿ. ನಗ್ಲಾ.” ಕೊನೆಯಲ್ಲಿ ಒಂದು ಹೂವು.

ಅದಕ್ಕೆ ಕಾರ್ಖಾನೆಯವರು, “ಸರಿ, ಮುಂದಿನವರಿಗೆ ಕೊಟ್ಟಿದ್ದೇವೆ, ದೇವರು ನಿಮ್ಮ ಮನೆಯನ್ನು ಚೆನ್ನಾಗಿಟ್ಟಿರಲಿ,” ಎಂದು ಬರೆದಿದ್ದರು.

ನಗ್ಲಾ ಮಂಚದ ಅಂಚಿನಲ್ಲಿ ಕೂತಳು. ಎರಡು ಸಲ ಓದಿದಳು. ತಾನು ಬರೆದಿದ್ದರೂ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ. ಕೈಯಲ್ಲಿದ್ದ ಫೋನು ಗುರ್ರೆಂದಿತು.

“ಎಲ್ಲಿದ್ದೆ ಉಮ್ ಮಲಕ್?” ಶೌಕಿಯ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

“ಇಲ್ಲೇ.”

“ರೊಟ್ಟಿ ಚೆನ್ನಾಗಿ ಬಂತಾ?”

ಅವಳು ಕೇಳಿದಳು, “ಆ ಉತ್ತರ ಬರೆದೋರು ಯಾರು?”

“ಯಾವ ಉತ್ತರ?”

“ಬರಕ್ಕಾಗಲ್ಲ ಅಂತ ಬರ್ದಿದೆಯಲ್ಲ, ಅದು. ಯಾರು ಬರೆದ್ರು?”

ಅಲ್ಲಿ ಯಾರೋ ಕಬ್ಬಿಣ ಎತ್ತಿ ಹಾಕುವ ಸದ್ದು ಕೇಳಿಸಿತು. ಶೌಕಿ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದ.

“ನೀನೇ ಅಲ್ವೇನೇ? ಕೆಳಗೆ ನಿನ್ನ ಹೆಸ್ರೇ ಇದೆಯಲ್ಲ.”

ಇಲ್ಲ ಎನ್ನಬೇಕೆಂದು ನಗ್ಲಾ ಬಾಯಿ ತೆರೆದಳು. ಮೇಡಂ ಸುಹೇರ್ ಮುಂದೆ ಹೋಗಿ ನಿಂತರೂ, ನಾನಲ್ಲ ಬರೆದದ್ದು ಎಂದು ಆಣೆ ಇಟ್ಟರೂ, ಅವಳು ಕನ್ನಡಕ ಸರಿಮಾಡಿಕೊಂಡು ಇದನ್ನೇ ತೋರಿಸುತ್ತಾಳೆ. ನಂಬರು ನಿನ್ನದು, ಹೆಸರು ನಿನ್ನದು, ಮತ್ಯಾರಮ್ಮ ನೀನು?

“ಕೇಳಿಸ್ತಾ ಇದೆಯಾ? ಫೋನು ಸ್ವಲ್ಪ ಮೇಲೆ ಹಿಡಿ, ಬರೀ ಗೋಡೆ ಕಾಣ್ತಿದೆ,” ಎಂದ ಶೌಕಿ. “ಮುಖ ತೋರಿಸು.”

ಅವಳು ಫೋನನ್ನು ಮೇಲೆ ಹಿಡಿದಳು.